ಕೊಪ್ಪಳ ಅನ್ನೋ ಒಂದ ಜಿಲ್ಲೆದಾಗ ಕುಷ್ಟಗಿ ಮಂದಿ ಗುಳೆ ಹೋಗ್ತಾರ, ಕಾರಟಗಿಗೆ ಮಂದಿ ಬರ್ತಾರ. ಯಾಕ?

ತಾವರಗೇರಾ ಹುಡುಗ:
ದೀಪಾವಳಿ ಮುಗೀತಂದ್ರ ಕುಷ್ಟಗಿ ತಾಲೂಕಿನ ನಮ್ಮೂರ ಓಣ್ಯಾಗ ಮನಿಮನಿಗೆ ಕೀಲಿ. ಬೆಂಗಳೂರು, ಮಂಗಳೂರು, ಗೋವಾ. ವಯಸ್ಸಾದವರು, ಸಾಲಿ ಹುಡುಗರು ಅಷ್ಟ ಉಳೀತಾರ. ನಾನೂ ಈಗ ಬೆಂಗಳೂರಿನ್ಯಾಗ ಒಂದು ಬಿಲ್ಡಿಂಗ್ ಸೈಟಿನ ಸೂಪರ್‌ವೈಸರ್. ನಮ್ಮ ಅಕ್ಕನ್ನ ಕಾರಟಗಿ ಕಡೆ ಕೊಟ್ಟೀವಿ. ಅಲ್ಲಿ ನೋಡಿದ್ರ ರಸ್ತೆಗುಂಟ ಕ್ಯಾಂಪ್, ರೈಸ್ ಮಿಲ್, ತೆಲುಗು ಮಾತು. ಎಲ್ಲಾರೂ ‘ಡ್ಯಾಮ್’ ಅಂತ ಒಂದ ಮಾತು ಹೇಳ್ತಾರ. ಆ ತುಂಗಭದ್ರಾ ಡ್ಯಾಮ್ ಇರೋದು ನಮ್ಮ ಜಿಲ್ಲೆ ಬಗಲಾಗ. ಹಂಗಾದ್ರ ನೀರಾವರಿ ನಮ್ಮವರ ಕೈಗೆ ಯಾಕ ಸಿಗಲಿಲ್ಲ?

ಕಾರಟಗಿ ಮಾಸ್ತರ (ನಿವೃತ್ತ):
ತಮ್ಮಾ, ಮೊದಲು ಭೂಮಿ ಏರಿಳಿತ ನೋಡು. ಎಡದಂಡೆ ಕಾಲುವೆ 227 ಕಿ.ಮೀ. ಐತಿ. ಮುನಿರಾಬಾದಿನಿಂದ ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ ಹಿಡಿದು ರಾಯಚೂರು ಕಡೆ ಇಳಿಜಾರಿಗೆ ಹರೀತೈತಿ. ನಿಮ್ಮ ಕುಷ್ಟಗಿ ಮಸಾರಿ (ಕೆಂಪು ಮಣ್ಣಿನ ನೆಲ) ಎತ್ತರದಾಗ ಐತಿ, ಅಲ್ಲಿಗೆ ನೀರು ತಾನಾಗಿ ಏರೂದಿಲ್ಲ.

ಇನ್ನ ನಮ್ಮ ಕಡೆ ಮಾತು. 1953ರಾಗ ಡ್ಯಾಮಿನ್ಯಾಗ ನೀರು ನಿಂತ ಮ್ಯಾಲ ಕಾಲುವೆ ಬಂತು, ಆದ್ರ ನಮ್ಮವರ ಹತ್ರ ಇದ್ದದ್ದು ಜೋಳ, ಹತ್ತಿ ಬೆಳೆಯೋ ಎರಿ (ಕಪ್ಪು ಮಣ್ಣಿನ) ಹೊಲ. ನೆಲ್ಲು ಹಚ್ಚಬೇಕಂದ್ರ ಹೊಲ ಸಮ ಮಾಡಬೇಕು, ಮಡಿ ಕಟ್ಟಬೇಕು, ಗೊಬ್ಬರಕ್ಕ ರೊಕ್ಕ ಸುರೀಬೇಕು. ರೊಕ್ಕ ಯಾರ ಹತ್ರ ಇತ್ತು? ಆಂಧ್ರದ ಕೃಷ್ಣಾ, ಗೋದಾವರಿ, ಗುಂಟೂರು ಕಡೆಯವರಿಗೆ ಇದು ತಾತನ ಕಾಲದ ಕೆಲಸ. ಗೋದಾವರಿಗೆ ಧವಳೇಶ್ವರದ ಅಣೆಕಟ್ಟು ಆಗಿದ್ದು 1852ರಾಗ. ಅಲ್ಲಿ ಒಂದೆಕರೆ ಮಾರಿದ್ರ ಇಲ್ಲಿ ಹಲವು ಎಕರೆ ಬರ್ತಿತ್ತು. ಬಂದ್ರು, ಹೊಲದ ನಡುವ ಗುಡಿಸಲು ಹಾಕಿದ್ರು, ಅದ ಕ್ಯಾಂಪ್ ಆತು. ನಮ್ಮಪ್ಪನೂ ಅವರಿಗೆ ಹೊಲ ಕೊಟ್ಟಾವ. ಆ ರೊಕ್ಕದಾಗ ನಮ್ಮ ಅಕ್ಕನ ಮದಿವಿ ಆತು, ನಾನು ಟಿಸಿಎಚ್ (ಮಾಸ್ತರಿಕಿ ಕೋರ್ಸ್) ಓದಿದೆ. ಬಂದವರನ್ನ ಬೈಯೋದು ಸುಲಭ. ಕೆಸರಿನ್ಯಾಗ ಗಂಡ ಹೆಂಡತಿ ಇಬ್ಬರೂ ಬಗ್ಗಿ ದುಡಿದಿದ್ದನ್ನ ನಾನು ಕಣ್ಣಾರೆ ನೋಡೀನಿ.

ನನ್ನ ತಕರಾರು ಬ್ಯಾರೆ ಐತಿ. ಯೋಜನೆ ಮಾಡಿದಾಗ ಬಹುಪಾಲು ಹೊಲಕ್ಕ ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳಿ ಅಂತ ಗೊತ್ತು ಮಾಡಿದ್ರು, ನೀರು ದೂರದ ತನಕ ಹಂಚಲಿ ಅಂತ. ಕಾಲುವಿ ಮ್ಯಾಲಿನ ಭಾಗದವರು ನೆಲ್ಲು ಹಚ್ಚಿದ್ರು. ನೆಲ್ಲು ಹಚ್ಚಿದವರಾಗ ನಮ್ಮ ಕನ್ನಡದವರೂ ಕಮ್ಮಿ ಇಲ್ಲ. ಕೊನೀ ಭಾಗದ ಮಾನ್ವಿ, ರಾಯಚೂರಿನವರು ಕಾಲುವಿ ದಂಡಿ ಮ್ಯಾಲ ಕುಂತು ಕಾಯೂದು, ಎಂಜಿನಿಯರ್ ಆಫೀಸಿಗೆ ಮುತ್ತಿಗೆ ಹಾಕೂದು ಅಲ್ಲಿಂದ ಶುರುವಾತು. ಜಲಾಶಯದಾಗ ಹೂಳು ಬ್ಯಾರೆ: 133 ಟಿಎಂಸಿ ಇದ್ದದ್ದು ಈಗ 105ರ ಆಸುಪಾಸು. ಹಿಂಗಾಗಿ ಕಾಲುವಿ ಇರೋ ತಾಲೂಕಿನಿಂದಾನೂ ಗುಳೆ ಹೋಗ್ತಾರ. ನೀನು ನಿಮ್ಮೂರಿಗೆ ಅಷ್ಟ ಬರ ಬಂದೈತಿ ಅನಕೋಬ್ಯಾಡ.

ಸಿಂಧನೂರಿನಾಕಿ:
ಮಾಸ್ತರ್ರೀ, ಬಂದವರೆಲ್ಲ ಹೊಲ ಕೊಳ್ಳಾಕ ಬಂದವರಲ್ರಿ. ನಮ್ಮ ತಾಲೂಕಿನ ಆರ್‌ಎಚ್ (ಪುನರ್ವಸತಿ) ಕ್ಯಾಂಪ್‌ನವರು ಪೂರ್ವ ಪಾಕಿಸ್ತಾನದಿಂದ ಜೀವ ಉಳಿಸ್ಕೊಂಡು ಬಂದ ಬಂಗಾಲಿಗಳು. ಸರ್ಕಾರ ಜಾಗ ಕೊಟ್ಟು ಕೂಡಿಸ್ತು. ಮನ್ಯಾಗ ಬಂಗಾಲಿ, ಪ್ಯಾಟ್ಯಾಗ ಕನ್ನಡ. ನನ್ನ ಕೂಡ ಓದಿದಾಕಿ ನನಗಿಂತ ಚಂದ ಕನ್ನಡ ಬರೀತಿದ್ಲು, ಆದ್ರ ಪೌರತ್ವದ ಕಾಗದಕ್ಕ ಎಷ್ಟು ವರ್ಷ ಅಲೆದಾಡಿದ್ಲೋ! 2024ರಾಗ ಅಲ್ಲಿಯ ಕೆಲವರಿಗೆ ಸಿಕ್ಕಿತು. ಇನ್ನೂ ಕಾಯೋರು ಅದಾರ.

ಹಿನ್ನೀರಿನವನು:
ನಮ್ಮದು ಮರಿಯಮ್ಮನಹಳ್ಳಿ. ಮೊದಲು ಬಳ್ಳಾರಿ ಜಿಲ್ಲೆ, 2021ರಿಂದ ವಿಜಯನಗರ ಜಿಲ್ಲೆ. ನಮ್ಮ ಹಿರಿಯರ ಊರು ನಾರಾಯಣದೇವರಕೆರೆ, ಈಗ ನೀರಿನಡಿ ಇದೆ. ನೀವು ಬಂದವರನ್ನೂ ಹೋದವರನ್ನೂ ಲೆಕ್ಕ ಹಾಕುತ್ತಿದ್ದೀರಿ, ಮುಳುಗಿ ಎದ್ದು ಬಂದವರನ್ನು ಬಿಟ್ಟುಬಿಟ್ಟಿರಿ. ಕಾಲುವೆ ಹೊಲಕ್ಕೆ ನೀರು ಹೋಗಿದ್ದು ನಮ್ಮ ಹೊಲದ ಮೇಲಿಂದಲೇ ಸ್ವಾಮಿ.

ತಾವರಗೇರಾ ಹುಡುಗ:
ಎಲ್ಲಾರಿಗೂ ಶರಣ್ರಿ. ಮಾಸ್ತರ, ಇನ್ನೊಂದು ಕೇಳ್ತೀನಿ. ಕೊಪ್ಪಳ ಏತ ನೀರಾವರಿಯಿಂದ ಕೃಷ್ಣಾ ನೀರು ನಮ್ಮ ಕಡೆ ಬರ್ತೈತಿ ಅಂತ ಹೇಳ್ಕೋತ ಬಂದಾರ. ಊರಾಗ ಈಗ ಹೊರಗಿನವರು ಕಾರು ಹತ್ತಿ ಬಂದು ಹೊಲದ ರೇಟ್ ಕೇಳಾಕ ಹತ್ತ್ಯಾರ. ಅಪ್ಪ ನಾಲ್ಕೆಕರೆ ಕೊಟ್ಟುಬಿಡೂನು ಅಂತಾನ.

ಕಾರಟಗಿ ಮಾಸ್ತರ (ನಿವೃತ್ತ):
ಕೊಡೂದು ಬಿಡೂದು ನಿಮ್ಮ ಮನಿ ವಿಚಾರ. ಮೊದಲು ಪಹಣಿ ತಗಸಿ ಯಾರ್‍ಯಾರ ಹೆಸರಿಲೆ ಐತಿ ನೋಡು, ಕಾಕಾಗೋಳ ಪಾಲು ಆಗೇತಿಲ್ಲ ಅಂತ ಕೇಳು. ಆ ಯೋಜನೆದಾಗ ನಿಮ್ಮ ಸರ್ವೆ ನಂಬರ್ ಬರ್ತೈತೋ ಇಲ್ಲೋ ಅನ್ನೋದನ್ನ ನೀರಾವರಿ ಆಫೀಸಿನ್ಯಾಗ ಕೇಳಿ ಬಾ, ಕಾರಿನ್ಯಾಗ ಬಂದವರನ್ನ ಕೇಳಬ್ಯಾಡ. ಪೂರ್ತಿ ಮಾರೂಕಿಂತ ಎರಡು ವರ್ಷ ಲೀಸಿಗೆ ಹಾಕಿ ನೋಡ್ರಿ. ಲೀಸ್ ಬಾಂಡ್ ಮ್ಯಾಲ ಅಪ್ಪ ಸಹಿ ಮಾಡೂಕಿಂತ ಮೊದಲು ನೀನು ಓದು.