ಸಹಾಯ ಬೇಕು: ಪೇಔಟ್ ತಡೆಹಿಡಿದಿದ್ದಾರೆ, ರಿಸರ್ವ್ ಬಿಡಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಮಾರ್ಕೆಟ್‌ಪ್ಲೇಸ್‌ ಒಂದರಲ್ಲಿ ನಮ್ಮ ಸೆಲ್ಲರ್ ಖಾತೆಯ ಪೇಔಟ್ (ಮಾರಾಟದ ಹಣ ನಮ್ಮ ಬ್ಯಾಂಕಿಗೆ ಬರುವುದು) ನಿಂತಿದೆ. ಆರ್ಡರ್‌ಗಳು ಡೆಲಿವರಿ ಆಗಿವೆ, ಬ್ಯಾಲೆನ್ಸ್ ಕಾಣುತ್ತಿದೆ, ಆದರೆ ಪೂರ್ತಿ ಮೊತ್ತ ರಿಸರ್ವ್ (ಅವರು ಸ್ವಲ್ಪ ಕಾಲ ತಡೆದಿಡುವ ಹಣ) ಸಾಲಿನಲ್ಲೇ ಕೂತಿದೆ.

ಮಾಮೂಲಿ ಕಾರಣಗಳನ್ನೆಲ್ಲ ನೋಡಿ ಆಗಿದೆ. ಬ್ಯಾಂಕ್ ಖಾತೆಯ ಹೆಸರೂ ನೋಂದಣಿಯ ಹೆಸರೂ ಅಕ್ಷರಶಃ ಒಂದೇ (ಒಂದು ಇನಿಷಿಯಲ್ ವ್ಯತ್ಯಾಸವಾದರೂ ಹಣ ವಾಪಸಾಗಬಹುದು, ಇದೇ ತೊಂದರೆ ಇರುವವರು ಮೊದಲು ಅದನ್ನು ನೋಡಿಕೊಳ್ಳಿ). ಬ್ಯಾಂಕ್ ವಿವರ ಬದಲಿಸಿಲ್ಲ. ಚಾರ್ಜ್‌ಬ್ಯಾಕ್ (ಗ್ರಾಹಕರು ತಮ್ಮ ಬ್ಯಾಂಕ್ ಮೂಲಕ ಹಣ ಹಿಂಪಡೆಯುವುದು) ಇಲ್ಲ.

ಸೆಟಲ್‌ಮೆಂಟ್ ವರದಿಯನ್ನು (ಆರ್ಡರ್‌ವಾರು ಹಣದ ಲೆಕ್ಕ) ಡೌನ್‌ಲೋಡ್ ಮಾಡಿ ಆರ್ಡರ್ ಸಂಖ್ಯೆಗೆ ಹೊಂದಿಸಿದಾಗ ಒಂದು ವಿಷಯ ಎದ್ದು ಕಂಡಿತು: ನಾವೇ ಕೊರಿಯರ್ ಮಾಡಿದ ಆರ್ಡರ್‌ಗಳಿಗೆ ಟ್ರ್ಯಾಕಿಂಗ್ ಸಂಖ್ಯೆ ಇದೆ, ಡೆಲಿವರಿ ದಿನಾಂಕದ ಕಾಲಂ ಮಾತ್ರ ಖಾಲಿ. ನಮ್ಮ ಖಾತೆಯಲ್ಲಿ ರಿಸರ್ವ್ ಅವಧಿಯ ಎಣಿಕೆ ಶುರುವಾಗುವುದೇ ಆ ದಿನಾಂಕದಿಂದ. ಕೊರಿಯರ್ ಹೆಸರನ್ನು ಪಟ್ಟಿಯಿಂದ ಆರಿಸದೆ 'ಇತರೆ' ಎಂದು ಕೊಟ್ಟಿದ್ದರಿಂದ ಕೊರಿಯರ್‌ನವರ ಡೆಲಿವರಿ ಸ್ಕ್ಯಾನ್ ಮಾಹಿತಿ ಮಾರ್ಕೆಟ್‌ಪ್ಲೇಸ್‌ಗೆ ಬಂದಿಲ್ಲ ಅನ್ನಿಸುತ್ತದೆ.

ಬಲ್ಲವರು ಹೇಳಿ: ಸಾಗಿಸಿದ ಮೇಲೂ ಕೊರಿಯರ್ ಹೆಸರು ತಿದ್ದಬಹುದೇ? ಸಹಿ ಇರುವ ಡೆಲಿವರಿ ರಸೀದಿಗಳನ್ನು ಆರ್ಡರಿಗೊಂದು ಸಪೋರ್ಟ್ ಟಿಕೆಟ್‌ನಂತೆ ಹಾಕಬೇಕೇ, ಒಂದೇ ಟಿಕೆಟ್‌ಗೆ ಪಟ್ಟಿ ಲಗತ್ತಿಸಿದರೆ ಸಾಕೇ? ಪೇಮೆಂಟ್ ತಂಡಕ್ಕೆ ನೇರವಾಗಿ ತಲುಪಲು ಯಾವ ವಿಭಾಗ ಆರಿಸಬೇಕು? 'ಪರಿಶೀಲನೆಯಲ್ಲಿದೆ' ಎಂಬ ಸಿದ್ಧ ಉತ್ತರದಾಚೆ ಏನೂ ಬರುತ್ತಿಲ್ಲ. ಸರಕು ಕೊಟ್ಟವರಿಗೆ ಹಣ ಸಲ್ಲಬೇಕಿದೆ, ದಯವಿಟ್ಟು ಬೇಗ ತಿಳಿಸಿ.