ಬೋಟಿನ ಮೋಟಾರ್ ಕವರಿಗೆ ಬಿದರಿ ಬಳ್ಳಿ ಬಿಡಿಸೋದು ಹ್ಯಾಂಗ್ರಿ?

ಕೇಳಿದವರು, ಭಾಲ್ಕಿ:
ಕಾರಂಜಾ ಡ್ಯಾಮಿನ ಹಿನ್ನೀರಿನ್ಯಾಗ ನಮ್ಮ ಕಾಕಾಂದು ಮೀನಿನ ಬೋಟ್ ಅದ. ಹಿಂದ ಕಟ್ಟೋ 15 ಎಚ್.ಪಿ. ಮೋಟಾರ್, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಅದರ ಮ್ಯಾಲಿನ ಕವರ್ ಬಿಸಿಲಿಗೆ ಸುಣ್ಣ ಬಳದಂಗ ಆಗ್ಯಾದ, ಕಂಪನಿ ಸ್ಟಿಕರ್ ಅರ್ಧ ಕಿತ್ತು ಹೋಗ್ಯಾವ. ಕಾಕಾಂದು ಒಂದೇ ಹಟ: ಬಿದರಿ ಹೂಜಿ ಮ್ಯಾಲ ಇರ್ತದಲ್ಲ, ಕಪ್ಪಿನ ಮ್ಯಾಲ ಬೆಳ್ಳಿ ಬಳ್ಳಿ, ಅದೇ ಬೇಕು. ರೇಡಿಯಂ ಅಂಗಡಿಯವ ಸ್ಟಿಕರ್ ಕಟ್ ಮಾಡಿ ಅಂಟಿಸಿ ಕೊಡ್ತೀನಿ ಅಂತಾನ. ಬೋರ್ಡ್ ಬರಿಯೋರು ಆಯಿಲ್ ಪೇಂಟ್ ಸಾಕು ಅಂತಾರ. ಯಾವುದು ತಾಳ್ತದ? ಮಾಡಿಸಿದವ್ರು ಹೇಳ್ರಿ.

ಯಾದಗಿರಿ, ಹೊಳಿ ದಂಡಿಯವ:
ಸ್ಟಿಕರ್ ಬ್ಯಾಡ್ರಿ. ಕವರ್ ಎತ್ತೋವಾಗ ಕೈ ಹಿಡಿಯೋ ಜಾಗದಾಗೇ ಮೊದಲು ಏಳ್ತದ. ಎದ್ದ ತುದಿಯೊಳಗ ಉಸುಕು ಹೊಕ್ಕಿತಂದ್ರ ಮುಗೀತು, ಮೀನಿನ ಬಲಿ ಎಳಿ ಅಲ್ಲೇ ಬಂದು ಸಿಗ್ತದ. ಆಯಿಲ್ ಪೇಂಟೂ ಅಷ್ಟೇ. ಡಬ್ಬಿಯಿಂದ ತುಸು ಪೆಟ್ರೋಲ್ ಚೆಲ್ಲಿದ್ರ ಮೆತ್ತಗಾಗಿ ಒರಸೋ ಬಟ್ಟಿಗೆ ಬಂದುಬಿಡ್ತದ. ಇನ್ನೊಂದು, ಕಪ್ಪು ಹಚ್ಚಬ್ಯಾಡ್ರಿ. ನಮ್ಮ ಬಿಸಿಲಿಗೆ ಇಂಜಿನ್ ಕಾಯ್ತದ.

ಕಲಬುರಗಿ, ಡೆಂಟಿಂಗ್-ಪೇಂಟಿಂಗ್ ಕೆಲಸದವ:
ಹೊಳಿ ದಂಡಿ ಅಣ್ಣಾರ, ಸ್ಟಿಕರ್ ಮಾತು, ಆಯಿಲ್ ಪೇಂಟ್ ಮಾತು ಎರಡೂ ಖರೇ. ಕಪ್ಪಿನ ಮಾತು ಮಾತ್ರ ಒಪ್ಪಂಗಿಲ್ರಿ. ಆ ಮೋಟಾರ್ ತಣ್ಣಗಾಗೋದು ಕೆಳಗಿನ ಪಂಪ್ ಎಳಕೊಳ್ಳೋ ನೀರಿನಿಂದ. ಮರ್ಕ್ಯುರಿ ಕಂಪನಿ ಬೋಟ್ ಮೋಟಾರ್ ಹೆಚ್ಚಾಗಿ ಬರೋದೇ ಕಪ್ಪು ಬಣ್ಣದಾಗ. ಕೈಯಿಟ್ರ ಚುರ್ ಅಂತದ, ಅಷ್ಟೇ.

ಭಾಲ್ಕಿ ತಮ್ಮಾ, ಕಾರಿನ ಬಂಪರಿಗೆ ನಾವು ಮಾಡೋ ಕೆಲಸಾನೇ ಇದು. ಮೊದಲು ಲಾಕ್ ತೆಗೆದು ಕವರ್ ಬಿಚ್ಚಿ ಮನಿಗೆ ತಾ, ಮೋಟಾರಿನ ಮ್ಯಾಲಿಟ್ಟು ಬಣ್ಣ ಹೊಡೀಬ್ಯಾಡ. ಮಗುಚಿ ಹಾಕಿ ನೋಡು. ಒಳಗ ಗಾಜಿನ ನೂಲಿನ ಎಳಿ ಕಂಡ್ರ ಫೈಬರ್, ಅದಕ್ಕ ಇಪಾಕ್ಸಿ ಪ್ರೈಮರ್. ನುಣ್ಣಗಿದ್ದು ಅಚ್ಚಿನ ಗುರುತು ಇದ್ರ ಪ್ಲಾಸ್ಟಿಕ್. ಅದಕ್ಕ ಪ್ಲಾಸ್ಟಿಕ್ ಪ್ರೈಮರ್ ತೆಳ್ಳಗ ಒಂದು ಕೈ ಬೀಳಲೇಬೇಕು, ಇಲ್ಲಾಂದ್ರ ಬಣ್ಣ ಉಗುರಿಗೆ ಪದರ ಪದರ ಎದ್ದು ಬರ್ತದ. ಸುತ್ತಿನ ರಬ್ಬರ್ ಬೀಡಿಂಗ್ ತೆಗಿ, ಬರಲಿಲ್ಲಾಂದ್ರ ಟೇಪ್ ಹಚ್ಚಿ ಮುಚ್ಚು. ಗಾಳಿ ಕಿಂಡಿಗೆ ಪುಟ್ಟಿ, ಬಣ್ಣ ಏನೂ ಕಟ್ಟಬಾರದು. ಇಂಜಿನ್ ಗಾಳಿ ಎಳಕೊಳ್ಳೋದು ಅಲ್ಲಿಂದಲೇ.

ಉಳಿದ ಸ್ಟಿಕರಿಗೆ ಹೇರ್ ಡ್ರೈಯರ್ ಹಿಡಿದು ಬೆಚ್ಚಗ ಮಾಡಿ ಮೂಲಿಯಿಂದ ನಿಧಾನ ಎಳಿ. ಸೋಪಿನ ನೀರಿಲೆ ತೊಳದು ಒಣಗಿಸಿ, ಆಮ್ಯಾಲ ವ್ಯಾಕ್ಸ್-ಗ್ರೀಸ್ ರಿಮೂವರ್. ಬೋಟಿನ್ಯಾಗಿನ ಪೆಟ್ರೋಲಿಲೆ ಒರಸಬ್ಯಾಡ. ಟೂ ಸ್ಟ್ರೋಕ್ ಪೆಟ್ರೋಲಿನ್ಯಾಗ ಆಯಿಲ್ ಕೂಡಿರ್ತದ, ಅದರ ಜಿಡ್ಡು ಉಳದ್ರ ಬಣ್ಣ ಅಲ್ಲಲ್ಲಿ ಸಣ್ಣ ಕುಳಿ ಬೀಳ್ತದ. 320 ನಂಬರ್ ವಾಟರ್ ಪೇಪರ್ ಹಿಡಿದು ಉಜ್ಜು. ಪ್ರೈಮರ್ ಒಣಗಿದ ಮ್ಯಾಲ 600. ಆಮ್ಯಾಲ ಕಪ್ಪು ಬೇಸ್, ಅದರ ಮ್ಯಾಲ ಬೆಳ್ಳಿ ನಕ್ಷೆ, ಕಡೀಕ ಹಾರ್ಡನರ್ ಕೂಡಿಸೋ ಪಿ.ಯು. ಕ್ಲಿಯರ್ (ಬಣ್ಣ ಇಲ್ಲದ ಪಾಲಿಯುರೆಥೇನ್ ವಾರ್ನಿಷ್) 2-3 ಕೈ, ನಡುವ 10-15 ನಿಮಿಷ ಬಿಟ್ಟು. ಪೆಟ್ರೋಲಿಗೆ ತಾಳೋದು ಈ ಕ್ಲಿಯರ್. ಬೆಳ್ಳಿ ಬಣ್ಣದಾಗಿರೋದು ಅಲ್ಯೂಮಿನಿಯಂ ಪುಡಿ, ಮ್ಯಾಲ ಕ್ಲಿಯರ್ ಇಲ್ಲಾಂದ್ರ ಮುಟ್ಟಿದ ಕೈಗೆಲ್ಲ ಹತ್ತತದ.

ಮೇ ತಿಂಗಳದಾಗ ಮಧ್ಯಾಹ್ನ ಹೊಡೀಬ್ಯಾಡ. 42 ಡಿಗ್ರಿದಾಗ ಬಣ್ಣ ಗನ್ನಿನಿಂದ ಬಿಟ್ಟು ಕವರ್ ಮುಟ್ಟೋದ್ರಾಗ ಒಣಗಿ ಖರಖರಿ ಕೂಡ್ತದ. ಮುಂಜಾನೆ ಹೊಡಿ, ಅದೂ ನಿಧಾನ ಆರೋ ಸ್ಲೋ ಥಿನ್ನರ್ ಹಾಕಿ.

ಇದೊಂದು ಮಾತ್ರ ಮರೀಬ್ಯಾಡ: ಆ ಹಾರ್ಡನರಿನ್ಯಾಗ ಐಸೋಸಯನೇಟ್ ಅನ್ನೋ ವಿಷದ ರಾಸಾಯನಿಕ ಇರ್ತದ. ಮುಖಕ್ಕ ಟವೆಲ್ ಕಟ್ಟಿಕೊಂಡ್ರ ಅದು ನಿಲ್ಲಂಗಿಲ್ಲ, ದಮ್ಮು ಹಚ್ಚತದ. ಕಾರ್ಟ್ರಿಜ್ ಮಾಸ್ಕ್ ಇಲ್ಲಾಂದ್ರ ನಕ್ಷೆ ನೀನು ಮಾಡು, ಕ್ಲಿಯರ್ ಗ್ಯಾರೇಜಿನ್ಯಾಗ ಹೊಡಸು.

ಬೀದರ್, ಬಿದರಿ ಕೆಲಸದ ಓಣಿಯವರು:
ಬಣ್ಣದ ಮಾತು ಅವರು ಹೇಳ್ಯಾರ, ನಾ ನಕ್ಷೆ ಮಾತು ಹೇಳ್ತೀನಿ. ಹೂಜಿ ನೋಡಿ ಹಂಗೇ ಇಳಸಬ್ಯಾಡ್ರಿ. ಹೂಜಿ ಕೈಯಾಗ ಹಿಡಿದು ನೋಡೋ ಸಾಮಾನು, ಕೂದಲೆಳಿಯಷ್ಟು ತೆಳ್ಳನ ತಾರಕಶಿ ತಂತಿನೂ ಕಾಣ್ತದ. ಬೋಟ್ ನೋಡೋದು ದಂಡಿ ಮ್ಯಾಲ ನಿಂತು. ಗೆರಿ 3 ಮಿಲಿಮೀಟರಿಗಿಂತ ಸಣ್ಣ ಮಾಡಿದ್ರ ದೂರಿಂದ ಬರೇ ಬೂದಿ ಬಣ್ಣ ಕಾಣ್ತದ. ಎಲಿ, ಹೂವಿನ ಎಸಳು ತುಂಬ ಬೆಳ್ಳಿ ತುಂಬ್ರಿ. ಬಿದರಿಯೊಳಗೂ ತಂತಿ ಬ್ಯಾರೆ, ಬೆಳ್ಳಿ ತಗಡು ಕೂಡಿಸೋ ತೈನಿಶಾನ್ ಬ್ಯಾರೆ. ನಿಮಗ ಬೇಕಾದದ್ದು ತಗಡಿನ ರೀತಿ. ಬಳ್ಳಿ ಕೆಳಗಿನ ಅಂಚಿಗೆ, ಅಶರಫಿ ಬೂಟಿ ಅನ್ನೋ ಹೂವಿನ ನಕ್ಷೆ ಮ್ಯಾಲ ಬಿಡಿ ಬಿಡಿಯಾಗಿ. ನಡುವ ಜಾಗ ಖಾಲಿ ಬಿಡ್ರಿ; ಕಪ್ಪು ಕಂಡಷ್ಟು ಬೆಳ್ಳಿ ಕಾಣ್ತದ.

ಕವರ್ ಎಲ್ಲಾ ಕಡಿ ದುಂಡಗಿರ್ತದ, ಚಪ್ಪಟಿ ಸ್ಟೆನ್ಸಿಲ್ ಅಲ್ಲಿ ಮಡಚಿಕೊಳ್ತದ. ಅದಕ್ಕ ತೆಳ್ಳನ ಹಾಳಿ ಮ್ಯಾಲ ನಕ್ಷೆ ಬರದು, ಗೆರಿಗುಂಟ ಸೂಜಿಲೆ ಒತ್ತೊತ್ತಾಗಿ ತೂತು ಹಾಕ್ರಿ. ಹಾಳಿ ತುಂಡು ತುಂಡು ಮಾಡಿ ಕಪ್ಪು ಬಣ್ಣದ ಮ್ಯಾಲಿಟ್ಟು, ಬಟ್ಟಿ ಗಂಟಿನ್ಯಾಗ ಚಾಕ್‌ಪೀಸ್ ಪುಡಿ ಕಟ್ಟಿ ತಟ್ರಿ. ಹಾಳಿ ಎತ್ತಿದ್ರ ಬಿಳಿ ಚುಕ್ಕಿ ಬಳ್ಳಿ ಎದ್ದಿರ್ತದ, ಅದರ ಗುಂಟ ಕುಂಚ ಓಡಸ್ರಿ. ಕ್ಲಿಯರಿಗೆ ಮುಂಚೆ ಪುಡಿ ಪೂರಾ ಒರಸ್ರಿ, ಒಳಗ ಉಳದ್ರ ಮುಂದ ತೆಗಿಲಿಕ್ಕೆ ಬರಂಗಿಲ್ಲ.

ಇನ್ನ ಕಪ್ಪು. ಖರೇ ಬಿದರಿ ಹೊಳಿಯೋ ಕಪ್ಪಲ್ಲ. ಸತುವಿಗೆ ತುಸು ತಾಮ್ರ ಕೂಡಿಸಿದ ಲೋಹ ಅದು. ಬೀದರ್ ಕೋಟಿಯೊಳಗಿನ ಮಣ್ಣು, ನವಸಾಗರ ಕೂಡಿಸಿದ ನೀರಿನ್ಯಾಗ ಅದ್ದಿದ್ರ ಲೋಹ ಕಪ್ಪಾಗ್ತದ, ಬೆಳ್ಳಿ ಬೆಳ್ಳಗೇ ಉಳೀತದ. ನಿಮ್ಮ ಕವರಿಗೆ ಫುಲ್ ಗ್ಲಾಸ್ ಕ್ಲಿಯರ್ ಹೊಡದ್ರ ಕಾರಿನ ಬಾನೆಟ್ ಆಗ್ತದ, ಪೂರಾ ಮ್ಯಾಟ್ ಹೊಡದ್ರ ಬೆಳ್ಳಿ ಸತ್ತು ಹೋಗ್ತದ. ಅರ್ಧ ಹೊಳಪಿನ ಸ್ಯಾಟಿನ್ ಕ್ಲಿಯರ್ ಕೇಳ್ರಿ.

ಸುರಪುರದಿಂದ:
ಕಾಕಾಗ ಚಿನ್ನದ ಬಣ್ಣದ್ದೂ ತುಸು ಸೇರಸ್ರಿ ಅಂತ ಹೇಳ್ರಿ, ನಮ್ಮ ಸುರಪುರದ ಹಳೇ ಚಿತ್ರದಾಗ ಚಿನ್ನ ಹ್ಯಾಂಗ ಮಿಂಚ್ತದ! ಆದ್ರ ಅಂಗಡಿಯಾಗ ಸಿಗೋ ಹಿತ್ತಾಳಿ ಪುಡಿ ಬ್ಯಾಡ. ಗಾಳಿ, ನೀರು ತಾಕಿ ಕಪ್ಪಾಗ್ತದ, ಹಸರಾಗ್ತದ. ಕಾರಿನ ಪೇಂಟ್ ಅಂಗಡಿಯಾಗ ಮೈಕಾದ ಗೋಲ್ಡ್ ಪರ್ಲ್ ಸಿಗ್ತದ.

ಬೀದರ್, ಬಿದರಿ ಕೆಲಸದ ಓಣಿಯವರು:
ಸುರಪುರದ ಚಿನ್ನಕ್ಕ ಕೈ ಮುಗೀತೀನ್ರಿ. ಇದರ ಮ್ಯಾಲ ಬ್ಯಾಡ.

ಯಾದಗಿರಿ, ಹೊಳಿ ದಂಡಿಯವ:
ಕಪ್ಪಿನ ಮಾತು ಆತು, ಬಿಟ್ಟೆ. ಆದ್ರ ಹುಮ್ಮಸ್ಸಿನ್ಯಾಗ ಕೆಳಗಿನ ಕಾಲಿಗೂ ಬಣ್ಣ ಬಳೀಬ್ಯಾಡ್ರಿ. ಅಲ್ಲಿ ಒಂದು ಸಣ್ಣ ಲೋಹದ ತುಂಡು ಇರ್ತದ, ಆನೋಡ್. ಅಲ್ಯೂಮಿನಿಯಂ ಕಾಲು ತುಕ್ಕಿಗೆ ಹೋಗಬಾರದು ಅಂತ ಅದು ಮೊದಲು ಸವೀತದ. ಬಣ್ಣ ಮುಚ್ಚಿದ್ರ ಅದು ಇದ್ದೂ ಇಲ್ಲದಂಗ. ನೀರು ಎಳಕೊಳ್ಳೋ ಜಾಳಗಿನೂ ಮುಚ್ಚಬಾರದು. ನಂಬರ್ ಪ್ಲೇಟ್ ಮ್ಯಾಲ ಟೇಪ್ ಹಚ್ಚಿಬಿಡ್ರಿ, ನಾಳೆ ಮಾರೋದು ಬಂದ್ರ ಬೇಕಾಗ್ತದ.

ಕೇಳಿದವರು, ಭಾಲ್ಕಿ:
ಎಲ್ಲಾರಿಗೂ ಶರಣ್ರಿ. ದೀಪಾವಳಿ ಆದ ಮ್ಯಾಲ ಶುರು ಮಾಡ್ತೀವಿ, ಕ್ಲಿಯರ್ ಗ್ಯಾರೇಜಿನ್ಯಾಗೇ. ಬಣ್ಣ ಪೂರಾ ಗಟ್ಟಿಯಾಗೋ ತನಕ ಕವರ್ ಇಲ್ದ ಬೋಟ್ ಓಡಸಬಹುದೇನ್ರಿ?

ಕಲಬುರಗಿ, ಡೆಂಟಿಂಗ್-ಪೇಂಟಿಂಗ್ ಕೆಲಸದವ:
ಬ್ಯಾಡೇ ಬ್ಯಾಡ. ಮ್ಯಾಲ ಫ್ಲೈವೀಲ್ ಚಕ್ರ ಮುಚ್ಚಳ ಇಲ್ದ ತಿರಗತಿರ್ತದ, ಬಲಿ ಎಳಿನೋ ಲುಂಗಿ ಚುಂಗೋ ಸಿಕ್ರ ಕೈ ಹೋಗ್ತದ. ನೀರು ಸಿಡಿದು ಕಿಡಿ ಕೊಡೋ ಇಗ್ನಿಷನ್ ಕಾಯಿಲ್ ಮ್ಯಾಲ ಬಿದ್ರ ನಡು ನೀರಿನ್ಯಾಗ ಬಂದ್ ಬೀಳ್ತದ. ಕ್ಲಿಯರ್ ಒಂದು ವಾರ ಆರಲಿ. ಅಲ್ಲಿತನಕ ಕಾಕಾ ಹುಟ್ಟು ಹಾಕಲಿ.