ಸಹಾಯ ಬೇಕು: ಪಿಚರ್ ಹತ್ತಿರ ಚೆಂಡಿಗೆ ಆಟೋಗ್ರಾಫ್ ಹಾಕಿಸೋದು ಹೇಗೆ?

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಕಡೆಯ ಕನ್ನಡಿಗರೇ, ಬೇಸ್‌ಬಾಲ್ ಗೊತ್ತಿರುವವರು ಸ್ವಲ್ಪ ಹೇಳಿ.

ಸ್ಯಾನ್ ಹೋಸೆ ಜೈಂಟ್ಸ್ ತಂಡದ ಒಬ್ಬ ಹೊಸ ಪಿಚರ್ (ಬ್ಯಾಟರ್‌ಗೆ ಚೆಂಡು ಎಸೆಯುವವನು) ಅಂದ್ರೆ ನನ್ನ ಮಗಳಿಗೆ ಪ್ರಾಣ. ಹುಡುಗನ ಕೈಯಲ್ಲಿ ಭಾರೀ ವೇಗ ಇದೆ, ಹಿಡಿತ ಇನ್ನೂ ಬಂದಿಲ್ಲ. ಹೋದ ಸಲ ಚೆಂಡು ಬ್ಯಾಟರ್ ಹಿಂದೆ ಕೂತು ಹಿಡಿಯುವ ಕ್ಯಾಚರ್ ತಲೆ ಮೇಲೆ ಹಾರಿ ಸೀದಾ ಹಿಂದಿನ ಬಲೆಗೆ ಬಡಿಯಿತು. "ಇವನ ಆಟೋಗ್ರಾಫ್‌ಗೆ ಕ್ಯೂ ನಿಲ್ಲೋದೇ ಬೇಡ, ಚೆಂಡೇ ನಮ್ಮ ಸೀಟಿಗೆ ಬರುತ್ತೆ" ಅಂತ ಅಕ್ಕಪಕ್ಕದವರು ನಕ್ಕರು. ಮಗಳೂ ನಕ್ಕಳು, ಚಪ್ಪಾಳೆ ಮಾತ್ರ ನಿಲ್ಲಿಸಲಿಲ್ಲ. ನನಗೂ ಅವನ ಮೇಲೆ ನಂಬಿಕೆ ಇದೆ. ಇದು ಕಲಿಯುವವರ ಲೀಗ್ ಅಲ್ವಾ? ದೊಡ್ಡ ಹೆಸರು ಮಾಡಿದ ಬಸ್ಟರ್ ಪೋಸಿ, ಮ್ಯಾಡಿಸನ್ ಬಮ್‌ಗಾರ್ನರ್ ಇಬ್ಬರೂ 2009ರಲ್ಲಿ ಇಲ್ಲೇ ಆಡಿದವರು. 2010ರಲ್ಲಿ ಮೇಲಿನ ದೊಡ್ಡ ತಂಡ ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್ ಜೊತೆ ವರ್ಲ್ಡ್ ಸೀರೀಸ್ (ಅಮೆರಿಕದ ಬೇಸ್‌ಬಾಲ್ ಫೈನಲ್) ಗೆದ್ದರು.

ಆಟಕ್ಕೆ ಮುಂಚೆ ಯಾವ ಕಡೆ ನಿಂತರೆ ಪಿಚರ್‌ಗಳು ಸಿಗುತ್ತಾರೆ? ಅವತ್ತೇ ಆಡಲಿರುವ ಪಿಚರ್‌ನನ್ನು ಕೇಳಿದರೆ ತಪ್ಪಾಗುತ್ತಾ? ಮಾರ್ಕರ್ ಶಾಯಿ ಚೆಂಡಿನ ಚರ್ಮದ ಮೇಲೆ ಹರಡುತ್ತೆ ಅಂತ ನೀಲಿ ಬಾಲ್‌ಪೆನ್ ತಗೊಂಡಿದ್ದೇನೆ. ಎರಡು ಸಾಲು ಹೊಲಿಗೆ ಹತ್ತಿರ ಬರುವ ಆ ಕಿರಿದಾದ ಜಾಗದಲ್ಲಿ ಅವನೊಬ್ಬನದೇ ಸಹಿ ಇರಬೇಕು ಅಂತ ಮಗಳ ಆಸೆ. ಬಿಸಿಲಿಗೆ ಸಹಿ ಮಾಸದ ಹಾಗೆ ಇಡಲು ಒಳ್ಳೆ ಡಬ್ಬಿ ಎಲ್ಲಿ ಸಿಗುತ್ತೆ ಅನ್ನೋದನ್ನೂ ತಿಳಿಸಿ. ಶನಿವಾರ ಹೋಗುತ್ತಿದ್ದೇವೆ.